ನಾಲ್ಕು ಜನ ಇಲ್ಲದ ಮೇಲೆ

ಲೋಕವನ್ನು ಮುಗಿಸುವುದು ಬಹಳ ಸುಲಭ. ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ಅದಕ್ಕೆ ಅರ್ಧ ಪುಟ ಸಾಕಾಯಿತು. ಧೂಮಕೇತು ಬಂದು ಬಡಿಯಲಿಲ್ಲ, ಹೆಣಗಳು ಎದ್ದು ನಡೆಯಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಂಪುಗಳು ನಿಂತವು, ಅಷ್ಟೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಕೂತಿರುವ ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವವಳಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ತಳ್ಳಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಅವಳನ್ನು ಏರಿಸಬೇಕು. 1974ರಿಂದ ಹಗಲೂ ರಾತ್ರಿ ಇದು ನಡೆದುಕೊಂಡು ಬಂದಿದೆ. ಯಾರೋ ಒಬ್ಬರು ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಮೀಟರು ನೋಡುತ್ತಿರುವುದರಿಂದ ಜಯನಗರದ ನಲ್ಲಿ ಬೆಳಿಗ್ಗೆ ಬುಸುಗುಟ್ಟುತ್ತದೆ. ಊರನ್ನು ಹೇಗೆ ಕೆಡವಲಿ ಎಂದು ಹುಡುಕಲು ಹೊರಟವಳಿಗೆ ಅದು ಇಷ್ಟು ದಿನ ನಿಂತಿದೆಯಲ್ಲ ಎಂಬುದೇ ಸೋಜಿಗವಾಗಿ ಕಂಡಿತು. ನಲ್ಲಿ ತಿರುಗಿಸಿದಾಗಲೆಲ್ಲ ಈಗ ಒಂದು ಕ್ಷಣ ಕೈ ತಡೆಯುತ್ತದೆ.

ಕಾದಂಬರಿಯಲ್ಲಿ ಉಳಿದವರು ಇಬ್ಬರು ಹೆಂಗಸರು. ಹೆಸರು ಇನ್ನೂ ಇಟ್ಟಿಲ್ಲ; ಪಂಪಿನವಳು, ಬೀಜದವಳು ಎಂದು ಕರೆದುಕೊಳ್ಳುತ್ತೇನೆ. ಮೊದಲಿನವಳು ಪಂಪ್‌ಹೌಸಿನ ಕೊನೆಯ ರಾತ್ರಿ ಪಾಳಿಯವಳು, ಕೊನೆಯ ಸ್ವಿಚ್ಚು ಆರಿಸಿ ಚಾವಣಿ ಹತ್ತಿ ಕೂತವಳು. ಎರಡನೆಯವಳು ಎಡಗು ರಾಗಿ, ಬಿಳಿ ರಾಗಿ, ಅವರೆ, ಹುರುಳಿ ಎಂದು ಬಗೆಬಗೆಯ ಬಿತ್ತನೆ ಬೀಜವನ್ನು ಬೂದಿ ಬೆರೆಸಿ ಸೋರೆಬುರುಡೆಗಳಲ್ಲಿ ತುಂಬಿಟ್ಟುಕೊಂಡವಳು. ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಕಥೆ ಇಷ್ಟೇ. ಇದನ್ನು ಕೇಳಿದ ಗೆಳತಿಯೊಬ್ಬಳು, "ಅಲ್ವೇ, ಹೆಣ್ಣು ಹೆಣ್ಣನ್ನ ಪ್ರೀತಿಸೋಕೆ ಪ್ರಳಯವೇ ಆಗ್ಬೇಕಿತ್ತಾ?" ಎಂದಳು. ನಗುತ್ತಲೇ ಕೇಳಿದಳು, ನಾನೂ ನಕ್ಕೆ. ಆದರೆ ಬರೆಯಲು ಕೂತಾಗಲೆಲ್ಲ ಆ ಪ್ರಶ್ನೆ ಮೇಜಿನ ಆಚೆ ಬದಿಗೆ ಬಂದು ಕೂರುತ್ತದೆ.

ನಮಗೆ ಪ್ರಳಯ ಹೊಸದೇನಲ್ಲ. 1565ರ ಯುದ್ಧದ ನಂತರದ ಹಂಪಿಯನ್ನು ನಾವು ಶಾಲೆಯ ಪ್ರವಾಸದಲ್ಲೇ ನೋಡಿ ಬಂದವರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆ ಭಯದಿಂದ ಹುಟ್ಟಿದ ಪ್ಲೇಗಮ್ಮನಿಗೆ ಈಗಲೂ ಗುಡಿಗಳಿವೆ, ಪೂಜೆ ನಡೆಯುತ್ತದೆ. ಶರಾವತಿ ಕಣಿವೆಯದು ಇನ್ನೂ ವಿಚಿತ್ರ. ಅಲ್ಲಿ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ತಾನೇ ಮುಳುಗಿತು. ಊರುಗಳನ್ನು ಮುಳುಗಿಸಿದ್ದನ್ನು ಇನ್ನೊಂದು ಮುಳುಗಿಸಿದ್ದು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಅದು ಇಡಿಯಾಗಿ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಆ ಮುಳುಗಡೆಯ ಸಂಕಟವನ್ನು ನಾ. ಡಿಸೋಜ ಮತ್ತೆ ಮತ್ತೆ ಬರೆದರು. ಅವರ 'ದ್ವೀಪ'ದಲ್ಲಿ ನೀರು ಏರುತ್ತಿರುವಾಗ ಗುಡ್ಡದ ಮೇಲೆ ಒಂದು ಸಂಸಾರ ಉಳಿದುಕೊಳ್ಳುತ್ತದೆ. ಅದಕ್ಕೂ ಮೊದಲು, 1965ರ 'ಸಂಸ್ಕಾರ'ದಲ್ಲಿ, ಪ್ಲೇಗು ಬಂದು ಅಗ್ರಹಾರದ ಕಟ್ಟು ಸಡಿಲವಾದ ಹೊತ್ತಿನಲ್ಲೇ ಪ್ರಾಣೇಶಾಚಾರ್ಯರಿಗೂ ಚಂದ್ರಿಗೂ ಕಾಡಿನಲ್ಲಿ ಭೇಟಿಯಾಗುತ್ತದೆ. ವ್ಯವಸ್ಥೆ ಕುಸಿದರೆ ಮುಟ್ಟಬಾರದವರು ಮುಟ್ಟಿಕೊಳ್ಳುತ್ತಾರೆ ಎಂದು ಅನಂತಮೂರ್ತಿ ಅಷ್ಟು ಹಿಂದೆಯೇ ತೋರಿಸಿದ್ದಾರೆ. ಹಾಗಾಗಿ ಗೆಳತಿಯ ಪ್ರಶ್ನೆ ಅವರಿಗೂ ಸಲ್ಲಬೇಕು. ಯಾರೂ ಅವರನ್ನು ಹಾಗೆ ಕೇಳಿದಂತಿಲ್ಲ.

ಇಂಗ್ಲಿಷಿನಲ್ಲಿ ಮನುಷ್ಯಕುಲದ ಕೊನೆಯನ್ನು ಕಾದಂಬರಿಯಾಗಿ ಬರೆದ ಮೊದಲಿಗರಲ್ಲಿ ಮೇರಿ ಶೆಲ್ಲಿ ಒಬ್ಬಳು. 'ದಿ ಲಾಸ್ಟ್ ಮ್ಯಾನ್' ಹೊರಬಂದದ್ದು 1826ರಲ್ಲಿ. ಅಷ್ಟರಲ್ಲಿ ಅವಳ ನಾಲ್ಕು ಮಕ್ಕಳಲ್ಲಿ ಮೂವರು ಹೋಗಿದ್ದರು, ಗಂಡ 1822ರಲ್ಲಿ ಇಟಲಿಯ ಕಡಲಲ್ಲಿ ಮುಳುಗಿದ್ದ, ಗೆಳೆಯ ಬೈರನ್ 1824ರಲ್ಲಿ ತೀರಿಕೊಂಡಿದ್ದ. ತನ್ನ ಬಳಗದಲ್ಲಿ ತಾನೊಬ್ಬಳೇ ಉಳಿದೆ ಎಂಬ ಹೆಂಗಸಿನ ದುಃಖಕ್ಕೆ ಅವಳು ಗಂಡಸಿನ ವೇಷ ತೊಡಿಸಿ, ಭೂಮಿಗೆಲ್ಲ ಮಹಾಮಾರಿ ಹಬ್ಬಿಸಿದಳು. ಕಡೆಗೆ ಆ ನಾಯಕ ಒಂದು ನಾಯಿ, ಹೋಮರ್, ಶೇಕ್ಸ್‌ಪಿಯರ್ ಇಷ್ಟನ್ನು ಜೊತೆಗಿಟ್ಟುಕೊಂಡು ದೋಣಿ ಏರುತ್ತಾನೆ. ಅಲ್ಲಿಂದ ಮುಂದೆ ಈ ಬಗೆಯ ಕಥೆಗಳಲ್ಲಿ ಒಂಟಿ ಗಂಡಸು ಕಾಯಂ ಆದ. ಅವನ ಕೈಗೆ ಬರಬರುತ್ತಾ ಪುಸ್ತಕ ಹೋಗಿ ಬಂದೂಕು ಬಂತು. ಇಂಥ ಕಾದಂಬರಿಗಳಲ್ಲಿ ಗುಂಡುಗಳ ಲೆಕ್ಕ ಚೆನ್ನಾಗಿಟ್ಟಿರುತ್ತಾರೆ, ಪೆಟ್ರೋಲಿನ ಲೆಕ್ಕವನ್ನೂ (ಅದು ತಿಂಗಳುಗಳಲ್ಲೇ ಕೆಡತೊಡಗುತ್ತದೆ ಎಂಬುದನ್ನು ಮಾತ್ರ ಮರೆತು). ತಿಂಗಳ ಮುಟ್ಟಿಗೆ ಬೇಕಾದ ಬಟ್ಟೆಯ ಲೆಕ್ಕ ನಾನು ಓದಿದ ಯಾವುದರಲ್ಲೂ ಸಿಗಲಿಲ್ಲ. ನನ್ನ ಕಾದಂಬರಿಯಲ್ಲಿ ಹಳೇ ಸೀರೆಗೆ ಬಂದೂಕಿಗಿಂತ ಹೆಚ್ಚು ಬೆಲೆ.

ಇದಕ್ಕಿಂತ ದೊಡ್ಡ ಇಕ್ಕಟ್ಟು ಬೇರೆ ಇದೆ. ಪ್ರಳಯದ ಕಥೆ ಸಾವನ್ನು ಕೇಳುತ್ತದೆ. ಪ್ರೇಮಕಥೆ ಓದುವವರು ಕೊನೆಯಲ್ಲಿ ಇಬ್ಬರೂ ಬದುಕಿರಲಿ ಎಂದು ಕಾಯುತ್ತಾರೆ. ಪ್ರೇಮಿಗಳಿಬ್ಬರೂ ಹೆಣ್ಣಾದರೆ ಲೇಖಕರ ಕೈ ತಾನಾಗಿ ಸಾವಿನ ಕಡೆ ವಾಲುತ್ತಿದ್ದ ಕಾಲ ಬಹಳ ಉದ್ದದ್ದು. ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿ 'ದಿ ಪ್ರೈಸ್ ಆಫ್ ಸಾಲ್ಟ್' ಬರೆದಾಗ ತನ್ನ ಹೆಸರು ಹಾಕಿಕೊಳ್ಳಲಿಲ್ಲ, ಕ್ಲೇರ್ ಮಾರ್ಗನ್ ಎಂಬ ಹೆಸರಿನ ಹಿಂದೆ ನಿಂತಳು. ತನ್ನದೇ ಎಂದು ಒಪ್ಪಿ ಸ್ವಂತ ಹೆಸರಿನಲ್ಲಿ ಮರುಮುದ್ರಿಸಿದ್ದು 1990ರಲ್ಲಿ. ಆ ಪುಸ್ತಕದಲ್ಲಿ ನಾಯಕಿಯರು ವಿಷ ಕುಡಿಯುವುದಿಲ್ಲ, ಹುಚ್ಚರಾಗುವುದಿಲ್ಲ, ಪಶ್ಚಾತ್ತಾಪಪಟ್ಟು ಗಂಡನ ಮನೆಗೆ ಮರಳುವುದೂ ಇಲ್ಲ. ಕೊನೆಗೆ ಒಬ್ಬಳು ಇನ್ನೊಬ್ಬಳ ಕಡೆಗೆ ನಡೆದು ಹೋಗುತ್ತಾಳೆ. ಇಷ್ಟಕ್ಕೇ ಓದುಗರ ಕಾಗದಗಳು ರಾಶಿ ಬಿದ್ದವು.

ಅದಾಗಿ ಅರವತ್ತು ವರ್ಷದ ಮೇಲೂ ವಾಲಿಕೆ ಹೋಗಿರಲಿಲ್ಲ. ಅಮೆರಿಕದ ಟೆಲಿವಿಷನ್ ಧಾರಾವಾಹಿ 'ದಿ ಹಂಡ್ರೆಡ್' ನಡೆಯುವುದು ಅಣುಯುದ್ಧವಾಗಿ 97 ವರ್ಷ ಕಳೆದ ಭೂಮಿಯಲ್ಲಿ. ನೆಲದ ಕುಲಗಳಿಗೆಲ್ಲ ಒಡತಿ ಲೆಕ್ಸಾ, ಬಾಹ್ಯಾಕಾಶದಿಂದ ಇಳಿದು ಬಂದವಳು ಕ್ಲಾರ್ಕ್. ಆ ಲೋಕದಲ್ಲಿ ಇವರ ಪ್ರೀತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ತಿನ್ನಲು ಏನಿದೆ, ಯುದ್ಧ ಯಾರ ಮೇಲೆ ಎಂಬ ಚಿಂತೆಯಲ್ಲಿ ಅದಕ್ಕೆ ಪುರಸೊತ್ತಿಲ್ಲ. ಇದೇ ನೋಡುಗರಿಗೆ ದೊಡ್ಡ ಬೆರಗಾಗಿತ್ತು. 2016ರ ಮಾರ್ಚ್ 3ರ ಕಂತಿನಲ್ಲಿ, ಇಬ್ಬರೂ ಕೂಡಿದ ಕೆಲವೇ ನಿಮಿಷಗಳಲ್ಲಿ, ಕ್ಲಾರ್ಕಳಿಗೆಂದು ಹಾರಿಸಿದ ಗುಂಡು ಲೆಕ್ಸಾಳಿಗೆ ತಗುಲಿ ಅವಳು ಸತ್ತಳು. ನೋಡುಗರು ಸಿಟ್ಟಿಗೆದ್ದರು. ಬೈದು ಸುಮ್ಮನಾಗದೆ, ಆತ್ಮಹತ್ಯೆಯ ಅಂಚಿನಲ್ಲಿರುವ ಎಳೆಯರಿಗೆ ಆಸರೆಯಾಗುವ ಟ್ರೆವರ್ ಪ್ರಾಜೆಕ್ಟ್ ಎಂಬ ಸಂಸ್ಥೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. ಮುಂದಿನ ವರ್ಷ ಇಬ್ಬರ ಹೆಸರನ್ನೂ ಬೆಸೆದು ಲಾಸ್ ವೇಗಸ್‌ನಲ್ಲಿ ಒಂದು ಸಮಾವೇಶವನ್ನೇ ನಡೆಸಿದರು. ಇಲ್ಲದ ಲೋಕದ, ಇಲ್ಲದ ಹೆಂಗಸೊಬ್ಬಳಿಗಾಗಿ. ಇದನ್ನು ಓದಿದ ಮೇಲೆ ನನ್ನ ಇಬ್ಬರಲ್ಲಿ ಯಾರನ್ನೂ ಸಾಯಿಸುವುದಿಲ್ಲ ಎಂದು ಹಾಳೆಯ ತಲೆಯಲ್ಲೇ ಬರೆದಿಟ್ಟುಕೊಂಡೆ. ಪೆನ್ನಿನಷ್ಟು ಅಗ್ಗದ ಕೋವಿ ಇನ್ನೊಂದಿಲ್ಲ.

ಬದುಕಿರುತ್ತಾರೆ, ಸರಿ. ಹೇಗೆ ಬದುಕುತ್ತಾರೆ? ಒಂದು ಅಧ್ಯಾಯದಲ್ಲಿ ಇಬ್ಬರೂ ಕೆರೆ ಏರಿಯ ಮೇಲೆ ಕೈ ಹಿಡಿದು ನಡೆಯುತ್ತಿದ್ದಾರೆ. ಹಿಂದೆ ಏನೋ ಸರಪರ ಎನ್ನುತ್ತದೆ. ತಟ್ಟನೆ ಕೈ ಬಿಡುತ್ತಾರೆ. ತಿರುಗಿ ನೋಡಿದರೆ ಒಂದು ಎಮ್ಮೆ. ನಾಲ್ಕು ಜನ ನೋಡಿದರೆ ಏನಂದಾರು ಎಂದು ಹೆದರಿ ಬೆಳೆದವರು ಇವರು. ಈಗ ನಾಲ್ಕು ಜನ ಬೇಕೆಂದರೂ ಇಲ್ಲ. ತಾಲ್ಲೂಕು ಕಚೇರಿ ಇಲ್ಲ, ಹೆಣ್ಣು ನೋಡಲು ಬರುವವರಿಲ್ಲ, ಮೂಲೆಮನೆಯ ಕಿಟಕಿಯಲ್ಲಿ ಕಣ್ಣಿಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇಂಥ ಪ್ರೀತಿ ಅಪರಾಧವಲ್ಲ ಎಂದಿತ್ತು, 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕಿನ ಮಾತನ್ನು ಶಾಸಕಾಂಗಕ್ಕೆ ಬಿಟ್ಟಿತ್ತು. ಕಾದಂಬರಿಯಲ್ಲಿ ಆ ಕೋರ್ಟೂ ಇಲ್ಲ, ಶಾಸಕಾಂಗವೂ ಇಲ್ಲ. ಕೈ ಮಾತ್ರ ಎಮ್ಮೆಗೂ ಹೆದರುತ್ತದೆ. ಗೆಳತಿಗೆ ನಾನು ಕೊಡಬಹುದಾದ ಉತ್ತರ ಇಲ್ಲೇ ಎಲ್ಲೋ ಇದೆ. ಊರಲ್ಲಿ ಜನ ತುಂಬಿದ್ದಾಗ ಈ ಅಂಜಿಕೆ ಜನರದ್ದೋ ನಮ್ಮದೋ ಎಂದು ಬಿಡಿಸಿ ನೋಡಲಾಗುವುದಿಲ್ಲ. ಎಲ್ಲರನ್ನೂ ಆಚೆ ಕಳಿಸಿದ ಮೇಲೂ ಒಳಗೆ ಯಾರು ಕೂತಿದ್ದಾರೆ ಎಂದು ನೋಡುವ ಆಸೆ ನನಗೆ.

ಅಂಜಿಕೆಯೊಂದೇ ಉಳಿದಿದ್ದರೆ ಬರೆಯುವ ಮನಸ್ಸಾಗುತ್ತಿರಲಿಲ್ಲ. ಬೆರಗೂ ಉಳಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಆಗಿ ವಾಹನ, ಕಾರ್ಖಾನೆ ನಿಂತಾಗ ಪಂಜಾಬಿನ ಜಲಂಧರದವರಿಗೆ ಮಾಳಿಗೆಯ ಮೇಲಿಂದ ಧೌಲಾಧಾರ್ ಶ್ರೇಣಿ ಕಂಡಿತು, ಸುಮಾರು 200 ಕಿಲೋಮೀಟರ್ ದೂರದ ಹಿಮದ ಸಾಲು. ಅದು ಅಲ್ಲೇ ಇತ್ತು. ಅಷ್ಟು ವರ್ಷ ಕಂಡಿರಲಿಲ್ಲ. ಹಾಗೆಂದು ಆ ಏಪ್ರಿಲ್ ಅನ್ನು ಚೆಂದ ಎನ್ನಲು ನನಗೆ ಬಾಯಿ ಬಾರದು. ಅದೇ ದಿನಗಳಲ್ಲಿ ಜನ ಹೆದ್ದಾರಿಗಳಲ್ಲಿ ಮಕ್ಕಳನ್ನು ಹೊತ್ತು ಊರಿಗೆ ನಡೆಯುತ್ತಿದ್ದರು. ಪಾಳುಬಿದ್ದ ಊರಿನ ಮೇಲೆ ಹಬ್ಬಿದ ಹಸಿರು ಬಳ್ಳಿಯನ್ನು ಮೋಹದಿಂದ ವರ್ಣಿಸುವ ಕಾದಂಬರಿಗಳ ಬಗ್ಗೆ ನನಗೆ ಈ ಕಾರಣಕ್ಕೇ ಅನುಮಾನ. ಬಳ್ಳಿಯ ಕೆಳಗೆ ಮನೆಗಳಿದ್ದವು.

ನನಗೆ ದಾರಿ ತೋರಿಸಿದವರು ಚೆರ್ನೋಬಿಲ್‌ನ ಮುದುಕಿಯರು. 1986ರ ಏಪ್ರಿಲ್ 26ರ ಸ್ಫೋಟದ ನಂತರ ಸುತ್ತಲಿನ ಹಳ್ಳಿಗಳನ್ನು ಸರ್ಕಾರ ಖಾಲಿ ಮಾಡಿಸಿತು. ಕೆಲವರು ಬೇಲಿ ದಾಟಿ ವಾಪಸು ಬಂದುಬಿಟ್ಟರು. ಕೊನೆಗೆ ಉಳಿದವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಆ ಪ್ರದೇಶದಲ್ಲಿ ತೋಳಗಳು ಹೆಚ್ಚಾದವು, 1998ರಲ್ಲಿ ಬಿಟ್ಟ ಪ್ರಜೆವಾಲ್‌ಸ್ಕಿ ಕುದುರೆಗಳು ಮರಿ ಹಾಕಿದವು. ಈ ಅಜ್ಜಿಯರಿಗೆ ಕುದುರೆ ನೋಡುತ್ತಾ ನಿಲ್ಲಲು ಬಿಡುವಿರಲಿಲ್ಲ. ಆಲೂಗೆಡ್ಡೆ ನೆಟ್ಟರು, ಕೋಳಿ ಸಾಕಿದರು. ಕೆಲಸದ ನಡುವೆ ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದೆಷ್ಟೋ ಅಷ್ಟೇ ಅವರ ಪಾಲಿನ ಬೆರಗು. ನನ್ನ ಪುಸ್ತಕದಲ್ಲೂ ಅದು ಹಾಗೇ ಬರಬೇಕು, ಕೆಲಸದ ಸಂದಿನಲ್ಲಿ.

ಹಾಗಾಗಿ ಅವರ ಪ್ರೇಮದ ಮುಖ್ಯ ಅಧ್ಯಾಯ ನಡೆಯುವುದು ಹಗೇವಿನ ಬಾಯಿಯಲ್ಲಿ. ಗಟ್ಟಿನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು ನಮ್ಮ ಹಿರಿಯರು. ರಾಗಿ ಅದರಲ್ಲಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತದೆ. ಆದರೆ ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಗುಂಡಿಯ ಆಮ್ಲಜನಕವನ್ನೆಲ್ಲ ತಾನು ತೆಗೆದುಕೊಂಡು ಇಂಗಾಲದ ಡೈಆಕ್ಸೈಡನ್ನು ತಳದಲ್ಲಿ ತುಂಬಿಡುತ್ತದೆ. ಚಪ್ಪಡಿ ಸರಿಸಿದ ಕೂಡಲೇ ಇಳಿದವರು ಮೇಲೆ ಬರುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಡಬೇಕು, ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು. ನಾಶವಾದ ಲೋಕದ ಅನ್ನವೆಲ್ಲ ಇಂಥ ಗುಂಡಿಗಳ ತಳದಲ್ಲಿದೆ, ವಿಷಗಾಳಿಯ ಕೆಳಗೆ.

ಅಲ್ಲಿಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು 'ಅಕ್ಕ' ಎನ್ನುತ್ತಿದ್ದವರು. ದಾರಿಯಲ್ಲಿ ಸಿಕ್ಕ ಯಾವ ಹೆಂಗಸನ್ನೂ ನಾವು ಹಾಗೇ ಕರೆಯುವುದಲ್ಲವೇ. ಪಂಪಿನವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಾಳೆ. ಬೀಜದವಳು ಮೇಲೆ ಹಗ್ಗ ಹಿಡಿದು ಎರಡೂ ಕಾಲು ಊರಿ ನಿಂತಿದ್ದಾಳೆ.

"ದೀಪ ಉರೀತಾ ಅದಾ?"

"ಅದೆ."

"ಮಾತಾಡ್ತಾನೇ ಇರು ಕಣೇ, ಸುಮ್ಕಾಗ್ಬೇಡ."

"ಏನ್ ಮಾತಾಡ್ಲಿ?"

"ಏನಾರ. ನಿನ್ ಪಂಪಿನ ವಿಷ್ಯನೇ ಹೇಳು."

ಗುಂಡಿಯ ಒಳಗಿಂದ ಪಂಪಿನ ಒತ್ತಡ, ಪೈಪಿನ ವ್ಯಾಸ, ವಾಲ್ವುಗಳ ಹೆಸರು ಒಂದೊಂದಾಗಿ ಮೇಲೆ ಬರುತ್ತವೆ. ಆ ಹೊತ್ತಿಗೇ ಹಿಂದೆ ಮತ್ತೆ ಸರಪರ ಸದ್ದು. ಅದೇ ಎಮ್ಮೆಯೋ ಮತ್ತೇನೋ. ಬೀಜದವಳು ತಿರುಗಿ ನೋಡುವಂತಿಲ್ಲ, ಕೈ ಬಿಡುವಂತಿಲ್ಲ. ಹಗ್ಗದ ಆ ತುದಿಯಲ್ಲಿ ಒಂದು ಜೀವ ವಾಲ್ವುಗಳ ಪಟ್ಟಿ ಒಪ್ಪಿಸುತ್ತಿದೆ. ನೋಡುವವರಿದ್ದರೆ ನೋಡಿಕೊಳ್ಳಲಿ ಎಂದು ಅವಳ ಮೈಗೆ ಮೊದಲ ಸಲ ಗೊತ್ತಾಗುವುದು ಆಗ. ಮನಸ್ಸಿಗೆ ಗೊತ್ತಾಗುವುದಕ್ಕೆ ಇನ್ನೂ ಎರಡು ಅಧ್ಯಾಯ ಬೇಕಾಗಬಹುದು. ಮುತ್ತಿನ ಪ್ರಸಂಗಗಳನ್ನೂ ಬರೆದಿದ್ದೇನೆ. ಆದರೂ ಇಡೀ ಹಸ್ತಪ್ರತಿಯಲ್ಲಿ ನನಗೇ ಮೈ ಝುಮ್ಮೆಂದದ್ದು ವಾಲ್ವುಗಳ ಹೆಸರು ಬರೆಯುವಾಗ.

ಇನ್ನು ಉಳಿದಿರುವುದು ಮುಕ್ತಾಯ. ಜೊವಾನ್ನಾ ರಸ್ 1972ರಲ್ಲಿ 'ವೆನ್ ಇಟ್ ಚೇಂಜ್ಡ್' ಎಂಬ ಕಥೆ ಬರೆದಳು. ಮಹಾಮಾರಿಗೆ ಗಂಡಸರೆಲ್ಲ ಸತ್ತು ನೂರಾರು ವರ್ಷವಾದ ದೂರದ ಒಂದು ಗ್ರಹ. ಹೆಂಗಸರೇ ಮದುವೆಯಾಗಿ, ಮಕ್ಕಳು ಹೆತ್ತು, ನೆಮ್ಮದಿಯಾಗಿದ್ದಾರೆ. ಒಂದು ದಿನ ಭೂಮಿಯಿಂದ ಗಂಡಸರು ಬಂದಿಳಿಯುತ್ತಾರೆ. ಅವರಲ್ಲೊಬ್ಬ, ನಿಮ್ಮ ಜನರೆಲ್ಲ ಎಲ್ಲಿ ಎಂದು ವಿಚಾರಿಸುತ್ತಾನೆ. ಎದುರಿಗೆ ನಿಂತವರು ಅವನ ಲೆಕ್ಕದಲ್ಲಿ ಜನವಲ್ಲ. ಆ ಕಥೆಯ ಕಹಿ ನನಗೆ ಅರ್ಥವಾಗುತ್ತದೆ, ಆದರೆ ನನ್ನ ಕಥೆಗೆ ಅದು ಬೇಡ. ನನ್ನ ಊರಿಗೂ ಜನ ಬರಲೇಬೇಕು. ಇಬ್ಬರನ್ನೇ ಕೊನೆಯವರೆಗೆ ಇಟ್ಟುಕೊಂಡರೆ ಅದು ಬಚ್ಚಿಟ್ಟಂತೆ.

ಬರುತ್ತಾರೆ. ಕೊಳ್ಳೇಗಾಲದ ಕಡೆಯಿಂದ, ನಡೆದು, ಹಸಿದು, ಸರಿಯಾಗಿ ನಾಲ್ಕು ಜನ. ಅವರಲ್ಲಿ ಒಬ್ಬಳು ಮುದುಕಿ. ಮುದ್ದೆ ಉಂಡು ಕೈ ತೊಳೆದ ಮೇಲೆ ಅವಳು ಇಬ್ಬರನ್ನೂ ದಿಟ್ಟಿಸಿ ನೋಡುತ್ತಾಳೆ. ನಮ್ಮ ಕಡೆ ಆಗ ಬರುವ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು: ನೀವಿಬ್ಬರೂ ಏನಾಗಬೇಕು? ಮೊದಲ ಕರಡಿನಲ್ಲಿ ಅವಳ ಬಾಯಲ್ಲಿ ಅದನ್ನೇ ಹೇಳಿಸಿ, ಪಂಪಿನವಳಿಂದ ಒಂದು ಪುಟದ ಉತ್ತರ ಕೊಡಿಸಿದ್ದೆ. ಉತ್ತರ ಚೆನ್ನಾಗಿತ್ತು, ಭಾಷಣದಂತಿತ್ತು, ಹೊಡೆದು ಹಾಕಿದೆ. ಈಗಿನ ಕರಡಿನಲ್ಲಿ ಮುದುಕಿ ತಟ್ಟೆ ಪಕ್ಕಕ್ಕಿಟ್ಟು, "ರಾಗಿ ಹಗೇವಿಂದಲ್ವಾ? ನಿಮ್ಮಿಬ್ರಲ್ಲಿ ಇಳಿಯೋಳ್ಯಾರು, ಹಗ್ಗ ಹಿಡಿಯೋಳ್ಯಾರು?" ಎನ್ನುತ್ತಾಳೆ.

"ಇಳಿಯೋದು ನಾನೇ," ಎಂದು ಇಬ್ಬರೂ ಒಟ್ಟಿಗೇ ಅಂದು, ಅಲ್ಲೇ ಅವಳೆದುರಿಗೇ ಜಗಳಕ್ಕೆ ನಿಲ್ಲುತ್ತಾರೆ.