ಯಾರ ತಪ್ಪು?



ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಇವನ ತಂದೆತಾಯಿಯರ ಪಾಪದ ಫಲವೋ ಎಂದು ಯೇಸುಸ್ವಾಮಿಯನ್ನು ಕೇಳಿದರು. ಯೇಸು ಎರಡನ್ನೂ ಒಪ್ಪಲಿಲ್ಲ. ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದ ಈ ಘಟನೆ ನಮಗೆಲ್ಲ ಗೊತ್ತು. ಆದರೂ ಒಂದು ಮನೆಯಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದರೆ ಅದೇ ಪ್ರಶ್ನೆ ಕನ್ನಡದಲ್ಲೂ ತಮಿಳಿನಲ್ಲೂ ಪಿಸುಮಾತಾಗಿ ಓಡಾಡುತ್ತದೆ. ಗ್ರಹಣದ ದಿನ ಹೊರಗೆ ಬಂದಳೇ? ಬಸುರಿದ್ದಾಗ ಪರಂಗಿ ಹಣ್ಣು ತಿಂದಳೇ? ಯಾರ ಕಡೆಯ ರಕ್ತ? ಕೊನೆಗೆ ಎಲ್ಲವೂ ಬಂದು ಬೀಳುವುದು ತಾಯಿಯ ತಲೆಯ ಮೇಲೆ. ಬಿಎಸ್‌ಸಿಯಲ್ಲಿ ಓದಿದ ಒಂದು ಪಾಠ ಇಲ್ಲಿ ನೆರವಿಗೆ ಬರುತ್ತದೆ.

ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ, ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಈ ಸಂಖ್ಯೆ ಅರ್ಧವಾಗಬೇಕು. ಈ ವಿಭಜನೆಯೇ ಮಿಯಾಸಿಸ್. ಮೊದಲು ಜೋಡಿಯ ಎರಡೂ ವರ್ಣತಂತುಗಳು ಪಕ್ಕಪಕ್ಕದಲ್ಲಿ ಉದ್ದಕ್ಕೂ ಹೊಂದಿಕೊಂಡು ನಿಲ್ಲುತ್ತವೆ. ಅಲ್ಲಲ್ಲಿ ಎಳೆ ತುಂಡಾಗಿ, ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಬೆಸೆದುಕೊಳ್ಳುತ್ತದೆ. ಹೀಗೆ ಅಜ್ಜನ ಪಾಲೂ ಅಜ್ಜಿಯ ಪಾಲೂ ಒಂದೇ ವರ್ಣತಂತುವಿನಲ್ಲಿ ಸೇರುತ್ತವೆ. ಒಡಹುಟ್ಟಿದವರು ಒಬ್ಬರಂತೆ ಒಬ್ಬರು ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಈ ಬೆಸುಗೆಗೆ ಇನ್ನೊಂದು ಕೆಲಸವಿದೆ. ಬೇರೆಯಾಗುವ ಗಳಿಗೆ ಬರುವ ತನಕ ಜೋಡಿಯನ್ನು ಗಂಟಿನಂತೆ ಹಿಡಿದಿಡುವುದೂ ಅದೇ. ಗಂಟು ಬೀಳದಿದ್ದರೆ ಅಥವಾ ಸಡಿಲವಾದರೆ ಎರಡೂ ಒಂದೇ ಕಡೆಗೆ ಹೋಗಿಬಿಡಬಹುದು. 21ನೇ ಜೋಡಿ ಹೀಗೆ ಹೋದರೆ ಮಗುವಿಗೆ ಆ ವರ್ಣತಂತು ಎರಡರ ಬದಲು ಮೂರು ಸಿಗುತ್ತದೆ. ಡೌನ್ ಸಿಂಡ್ರೋಮ್ ಬಹುಪಾಲು ಬರುವುದು ವರ್ಣತಂತುಗಳು ಹೀಗೆ ಸರಿಯಾಗಿ ಬೇರೆಯಾಗದೆ ಇರುವುದರಿಂದ.

ಹೆಣ್ಣಿನಲ್ಲಿ ಈ ಜೋಡಣೆ, ಈ ಬೆಸುಗೆ ನಡೆಯುವುದು ಯಾವಾಗ? ಅವಳಿನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗ! ಅವಳು ಹುಟ್ಟುವಷ್ಟರಲ್ಲಿ ಅಂಡಾಣುಗಳು ಅರ್ಧ ದಾರಿಯಲ್ಲಿ ನಿಂತಿರುತ್ತವೆ. ವಿಭಜನೆ ಮುಂದುವರಿಯುವುದು ಹದಿನೈದು, ಮೂವತ್ತು, ನಲವತ್ತು ವರ್ಷಗಳ ಮೇಲೆ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ. ಬಸುರಿಯಾದ ಮೇಲೆ ಕಂಡ ಗ್ರಹಣಕ್ಕೂ ತಿಂದ ಹಣ್ಣಿಗೂ ಇದರಲ್ಲಿ ಪಾತ್ರವೇ ಇಲ್ಲ.

ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆಂದು ವೈದ್ಯರೇ ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. 30ರ ವಯಸ್ಸಿನಲ್ಲಿ ಸುಮಾರು 1000ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಕೆಲವೇ ಕುಟುಂಬಗಳಲ್ಲಿ ಇದು ತಂದೆಯಿಂದಲೋ ತಾಯಿಯಿಂದಲೋ ಬರುವುದೂ ಉಂಟು. ಆದರೆ ಕಾರಣ ಬೇರೆ, ತಪ್ಪು ಬೇರೆ. ತಿಳಿದೂ ಬೇಕೆಂದೇ ಮಾಡಿದ್ದನ್ನು ತಪ್ಪು ಎನ್ನಬಹುದು. ಧರ್ಮೋಪದೇಶದ ತರಗತಿಯಲ್ಲಿ ಪಾಪದ ಬಗ್ಗೆ ನಾವು ಕಲಿತದ್ದೂ ಇದನ್ನೇ. ಕಣ್ಣಿಗೆ ಕಾಣದ ಗಂಟೊಂದು ಸಡಿಲವಾದದ್ದರಲ್ಲಿ ಯಾರ ಇಚ್ಛೆಯಿತ್ತು?

ಒಂದು ಕಾಲದಲ್ಲಿ ತಂದೆತಾಯಿಯರ ಕುಡಿತ, ಗುಹ್ಯರೋಗಗಳೇ ಇದಕ್ಕೆ ಕಾರಣವಿರಬೇಕೆಂದು ವೈದ್ಯರಲ್ಲೂ ಕೆಲವರು ಶಂಕಿಸುತ್ತಿದ್ದರು. 1959ರಲ್ಲಿ ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ, ರೇಮಂಡ್ ಟರ್ಪಿನ್ ಈ ಹೆಚ್ಚಿನ ವರ್ಣತಂತುವನ್ನು ಲೋಕಕ್ಕೆ ತಿಳಿಸಿದ ಮೇಲೆ ಆ ಕಳಂಕಕ್ಕೆ ಆಧಾರ ಉಳಿಯಲಿಲ್ಲ. ಇಂಥ ಮಕ್ಕಳ ಆರೈಕೆಗೇ ಬಾಳನ್ನು ಮುಡಿಪಿಟ್ಟ ಲೆಜೂನ್ ಅವರನ್ನು ಧರ್ಮಸಭೆ 2021ರಲ್ಲಿ ‘ಪೂಜ್ಯ’ರೆಂದು ಘೋಷಿಸಿತು.

ಹಾಗಾದರೆ ನಮಗೇನೂ ಹೊಣೆಯಿಲ್ಲವೇ? ಇದೆ. ವರ್ಣತಂತುಗಳು ಹೇಗೆ ಬೇರೆಯಾಗಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಆ ಮನೆಯ ಬಾಗಿಲಿಗೆ ಹೋಗುವುದು ನಮ್ಮ ಕೈಯಲ್ಲಿದೆ. ಮಗುವನ್ನು ಎತ್ತಿಕೊಂಡು ಹೆಸರು ಹಿಡಿದು ಕರೆಯುವುದು, ಪ್ರಥಮ ಪರಮಪ್ರಸಾದದ ತಯಾರಿಯಲ್ಲಿ ಉಳಿದ ಮಕ್ಕಳ ಜೊತೆ ಕೂರಿಸುವುದು, ಬಲಿಪೂಜೆಯ ನಡುವೆ ಅದು ಸದ್ದು ಮಾಡಿದರೆ ಹಿಂದಿರುಗಿ ನೋಡದಿರುವುದು ಕೂಡ ನಮ್ಮ ಕೈಯಲ್ಲೇ ಇದೆ. ಇವನ್ನು ತಿಳಿದೂ ಮಾಡದೆ ಬಿಟ್ಟರೆ ಆ ತಪ್ಪು ಯಾರದೆಂದು ಯಾರೂ ಹುಡುಕಬೇಕಾಗಿಲ್ಲ.