ವಾದ್ಯಕ್ಕೆ ಮಡಿಯುಂಟೆ?

ಹೈದರಾಬಾದಿನ ಸನತ್‌ನಗರದ ಹೆಸರು ಕೇಳಿದ ಕನ್ನಡಿಗರಿಗೆ ಸನತ್ಕುಮಾರ ಋಷಿ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಉರ್ದುವಿನಲ್ಲಿ ಸನತ್ ಎಂದರೆ ಕಸುಬು, ಕೈಗಾರಿಕೆ. 1942ರಲ್ಲಿ ಹುಟ್ಟಿದ ಆಲ್ವಿನ್ ಕಂಪನಿಯ ಕಾರ್ಖಾನೆ ಇದ್ದದ್ದು ಅಲ್ಲೇ. ಸದ್ದು ಒಂದೇ, ಅರ್ಥ ಎರಡು.

ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ಆ ಸನತ್ಕುಮಾರನ ಬಳಿಗೆ ನಾರದ ಬರುತ್ತಾನೆ. ವೇದ, ಗಣಿತ, ತರ್ಕ, ಸರ್ಪವಿದ್ಯೆ ಎಲ್ಲ ಕಲಿತವನು, ಆದರೂ ನೆಮ್ಮದಿಯಿಲ್ಲ. ಕಲಿತದ್ದೆಲ್ಲ ಬರೀ ಹೆಸರು ಎನ್ನುತ್ತಾನೆ ಗುರು. ಹಾಗೆಂದು ಹೆಸರನ್ನು ಬಿಸಾಡಿಸುವುದಿಲ್ಲ. ಅದನ್ನೇ ಮೊದಲ ಮೆಟ್ಟಿಲು ಮಾಡಿ ಮೇಲಕ್ಕೆ ಹತ್ತಿಸುತ್ತಾನೆ.

ಸಂಗೀತದ ವಿಚಾರದಲ್ಲಿ ಆ ಮೊದಲ ಮೆಟ್ಟಿಲಲ್ಲೇ ಚಕ್ಕಳಮಕ್ಕಳ ಹಾಕಿ ಕೂತವರು ಬಹಳ. ಇದು ನಮ್ಮದು, ಅದು ಅವರದು. ಇದು ಮಡಿ, ಅದು ಮೈಲಿಗೆ. ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಜನ ಕುಣಿಯುತ್ತಿದ್ದ ‘ಚುಚುಂಬೆ’ ಎಂಬ ಹಾಡನ್ನು 1766ರಲ್ಲಿ ಚರ್ಚಿನ ವಿಚಾರಣಾ ಮಂಡಳಿ ಅಶ್ಲೀಲವೆಂದು ನಿಷೇಧಿಸಿತು. ಸ್ಪೇನಿನವರು, ಆಫ್ರಿಕಾದ ಗುಲಾಮರು, ಮೂಲನಿವಾಸಿಗಳು ಮೂವರೂ ಬೆರೆತು ಬೆಳೆಸಿದ, ‘ಚುಚುಂಬೆ’ಯೂ ಸೇರಿದ ‘ಸೋನ್ ಹರೋಚೊ’ ಸಂಗೀತವೇ ಈಗ ಫೆಬ್ರವರಿ 2ರ ಮೇರಿಮಾತೆಯ ಹಬ್ಬಕ್ಕೆ ತ್ಲಾಕೊತಾಲ್ಪಾನ್ ಊರನ್ನು ತುಂಬುತ್ತದೆ.

ಅರ್ತುರೊ ಓಫ್ಯಾರಿಲ್ ತಮ್ಮ ಆಫ್ರೊ ಲ್ಯಾಟಿನ್ ಜಾಝ್ ಆರ್ಕೆಸ್ಟ್ರಾದೊಂದಿಗೆ 2018ರಲ್ಲಿ ತಂದ ‘ಫಂದಾಂಗೊ ಅಟ್ ದ ವಾಲ್’ ಆಲ್ಬಂ ಈ ಸಂಗೀತಕ್ಕೇ ಬಿಗ್ ಬ್ಯಾಂಡಿನ ಕಹಳೆಗಳನ್ನು ಕೂಡಿಸಿದ್ದು. ಗೋಡೆ ಎಂದರೆ ಅಮೆರಿಕ–ಮೆಕ್ಸಿಕೋ ಗಡಿಯದು. ಟಿಹುವಾನಾದ ಕಡಲದಂಡೆಯಲ್ಲಿ ಹೋರ್ಹೆ ಫ್ರಾನ್ಸಿಸ್ಕೊ ಕಾಸ್ತಿಯೊ ಎಂಬ ಗ್ರಂಥಪಾಲಕರು 2008ರಲ್ಲಿ ಶುರುಮಾಡಿದ, ಗಡಿಬೇಲಿಯ ಎರಡೂ ಬದಿ ನಿಂತು ಹಾಡುವ ಕೂಟವೇ ಇದಕ್ಕೆ ಪ್ರೇರಣೆ. ಪುಟ್ಟ ಗಿಟಾರಿನಂಥ ಹರಾನಾಗಳು ಝೇಂಕರಿಸುತ್ತವೆ. ಕುಣಿಯುವವರು ಮರದ ಹಲಗೆಯ ಮೇಲೆ ಹಿಮ್ಮಡಿಯಿಂದ ತಾಳ ಕುಟ್ಟುತ್ತಾರೆ. ಗಡಿಬೇಲಿಯ ಜಾಲರಿ ಎಷ್ಟು ಬಿಗಿಯಾಗಿತ್ತೆಂದರೆ ಕಿರುಬೆರಳಿನ ತುದಿಯಷ್ಟೇ ತೂರುತ್ತಿತ್ತು. ‘ಸಂಗೀತಕ್ಕೆ ಗಡಿಯಿಲ್ಲ’ ಎಂಬ ವೇದಿಕೆಯ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಹಾಡು ದಾಟುತ್ತದೆ, ಹಾಡಿದವರು ದಾಟುವುದಿಲ್ಲ.

ಹೊರಗಿನ ವಾದ್ಯವನ್ನು ದಾಟಿಸಿಕೊಳ್ಳಲು ಮೈಮುರಿದು ದುಡಿಯಬೇಕು ಎಂಬುದಕ್ಕೆ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ ಸಾಕ್ಷಿ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯವನ್ನು ಅವರು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ತಂದೆ ನಾಗಸ್ವರದವರು. ಸ್ಯಾಕ್ಸೊಫೋನಿನ ಕೀಲಿ ಒತ್ತಿದರೆ ಸ್ವರ ನೆಗೆಯುತ್ತದೆ. ಗಮಕಕ್ಕೆ ಅದು ಜಾರಬೇಕು. ತುಟಿಯಿಂದ, ಉಸಿರಿನಿಂದ ಅದನ್ನು ಪಳಗಿಸಲು ವರ್ಷಗಳೇ ಹಿಡಿದವು. ಈಗ ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆ ಮಂಟಪಗಳಲ್ಲಿ ಅದು ಮಂಗಳವಾದ್ಯ.

ಗೋಡೆಯ ಪಕ್ಕದ ಆ ಟಿಹುವಾನಾದ ಗುಂಗಿನಲ್ಲಿ 1957ರಲ್ಲಿ ‘ಟಿಹುವಾನಾ ಮೂಡ್ಸ್’ ನುಡಿಸಿದ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ 1979ರ ಜನವರಿಯಲ್ಲಿ ಮೆಕ್ಸಿಕೋದ ಕುಯೆರ್ನವಾಕಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಹೆಂಡತಿ ಸೂ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟರು.