ರನ್ ಬಂದರೆ ನಮ್ಮವ

ಹಿಂದಿನ ಸಾಲಿನಲ್ಲಿ ಕೆಂಪು ಜೆರ್ಸಿ ತೊಟ್ಟು ಕೂತಿರುವ ಹುಡುಗರೇ,

ಪ್ರವಚನದ ಕಟ್ಟೆಯ ಮೇಲೆ ಕ್ರಿಕೆಟ್ ಯಾಕೆ ಬಂತು ಎಂದು ಹಿರಿಯರು ಹುಬ್ಬೇರಿಸುವುದು ಕಾಣುತ್ತಿದೆ. ಕ್ರಿಕೆಟ್ ನನ್ನ ವಿಷಯವಲ್ಲ. ಸಂಜೆಯಾದರೆ ಸಿಂಧನೂರಿನ ಚಹಾದಂಗಡಿಗಳಲ್ಲಿ, ಕ್ಯಾಂಪುಗಳ ಕಟ್ಟೆಗಳಲ್ಲಿ, ನಿಮ್ಮ ಮನೆಯ ಟಿವಿಯ ಮುಂದೆ ನಾಲಿಗೆಯಿಂದ ಏನು ಹೊರಡುತ್ತದೆಯೋ ಅದು ನನ್ನ ವಿಷಯ. ಮಠದಲ್ಲಿ ಶುದ್ಧವಾಗಿದ್ದ ನಾಲಿಗೆ ಮ್ಯಾಚು ಶುರುವಾದ ಕೂಡಲೇ ಹೊಲಸಾದರೆ, ಮಠದಲ್ಲಿ ಅದು ಶುದ್ಧವಾಗಿದ್ದದ್ದಾದರೂ ಯಾವ ಲೆಕ್ಕಕ್ಕೆ?

ಗ್ಲೆನ್ ಮ್ಯಾಕ್ಸ್‌ವೆಲ್ ಎಂಬ ಆಟಗಾರನ ಹೆಸರು ತಾಯಂದಿರೂ ಕೇಳಿರುತ್ತೀರಿ. ಆಸ್ಟ್ರೇಲಿಯಾದವನು, ನಮ್ಮ ಬೆಂಗಳೂರು ತಂಡಕ್ಕೆ 2021ರಿಂದ ಆಡಿದವನು. 2023ರ ನವೆಂಬರ್ 7ರಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ ವಿಶ್ವಕಪ್ ಪಂದ್ಯ ನಡೆದಿತ್ತು. ಅಫ್ಘಾನಿಸ್ತಾನದ ಎದುರು 292 ರನ್ ಬೆನ್ನು ಹತ್ತಿದ್ದ ಆಸ್ಟ್ರೇಲಿಯಾ 91 ರನ್ನಿಗೆ ಏಳು ವಿಕೆಟ್ ಕಳೆದುಕೊಂಡಿತ್ತು. ಈತನ ಮೈಯ ಸ್ನಾಯುಗಳು ಸೆಳೆತಕ್ಕೆ ಕಟ್ಟಿಗೆಯಂತಾಗಿದ್ದವು. ನೆಲಕ್ಕೆ ಬಿದ್ದು ಹೊರಳಾಡಿದ, ಎದ್ದ, ಓಡಲಾಗದೆ ನಿಂತಲ್ಲೇ ಬ್ಯಾಟು ಬೀಸಿದ, 201 ರನ್ ಮಾಡಿ ಪಂದ್ಯ ಗೆಲ್ಲಿಸಿದ. ಅದಕ್ಕೆ ಒಂದು ವರ್ಷದ ಹಿಂದಷ್ಟೇ, 2022ರ ನವೆಂಬರಿನಲ್ಲಿ, ಆತನ ಕಾಲಿನ ಮೂಳೆ ಮುರಿದಿತ್ತು ಎಂಬುದನ್ನೂ ನೆನಪಿಡಿ. ಅವತ್ತು ನಮ್ಮೂರಿನಲ್ಲೂ ಹುಡುಗರು ಕುಣಿದರು. ‘ನಮ್ಮ ಆರ್‌ಸಿಬಿ ಹುಡುಗ’ ಎಂದರು.

ಐದು ತಿಂಗಳು ಕಳೆಯಿತು. 2024ರ ಏಪ್ರಿಲ್. ಐಪಿಎಲ್‌ನ ಆರು ಪಂದ್ಯಗಳಲ್ಲಿ ಆ ಮನುಷ್ಯ ಮಾಡಿದ್ದು 32 ರನ್. ಮುಂಬಯಿ ಎದುರಿನ ಪಂದ್ಯದಲ್ಲಿ ಕೈಗೆ ಪೆಟ್ಟೂ ಬಿತ್ತು. ಏಪ್ರಿಲ್ 15ರಂದು ಚಿನ್ನಸ್ವಾಮಿ ಮೈದಾನದಲ್ಲಿ ಹೈದರಾಬಾದ್ ತಂಡ 287 ರನ್ ಬಾರಿಸಿದ ದಿನ ಆತ ತಂಡದಲ್ಲಿರಲಿಲ್ಲ. ಪಂದ್ಯ ಮುಗಿದ ಮೇಲೆ ತಾನೇ ಬಂದು ಕಾರಣ ಹೇಳಿದ. ಕೈಯ ಪೆಟ್ಟಿನ ನೆಪ ಸಿದ್ಧವಿತ್ತು, ಅದರ ಹಿಂದೆ ಅಡಗಲಿಲ್ಲ. ಮೈಗೂ ಮನಸ್ಸಿಗೂ ವಿಶ್ರಾಂತಿ ಬೇಕು, ನನ್ನ ಬದಲು ಬೇರೆಯವರನ್ನು ಆಡಿಸಿ ಎಂದು ನಾಯಕನಿಗೆ ನಾನೇ ಕೇಳಿಕೊಂಡೆ ಎಂದ. ಹೊರದೇಶದ ನಾಲ್ವರಿಗಷ್ಟೇ ಜಾಗವಿರುವ ತಂಡದಲ್ಲಿ ಒಬ್ಬ ತಾನಾಗಿ ಎದ್ದು ಇನ್ನೊಬ್ಬನಿಗೆ ಜಾಗ ಬಿಟ್ಟುಕೊಟ್ಟ. ನಮ್ಮ ಸಹಕಾರ ಸಂಘದ ಕುರ್ಚಿಗಳಲ್ಲೂ ಇಷ್ಟು ಸುಲಭವಾಗಿ ಯಾರಾದರೂ ಎದ್ದದ್ದನ್ನು ನಾನಂತೂ ಕಂಡಿಲ್ಲ.

ಇದಕ್ಕೆ ನಮ್ಮ ಜನ ಏನಂದರು? ‘ನಾಟಕ ಮಾಡ್ತಾನ.’ ‘ಐಪಿಎಲ್ ಬಂದ್ರ ನೋವು, ದೇಶಕ್ಕ ಆಡೂದಂದ್ರ ಗುಣ.’ ‘ಹನ್ನೊಂದು ಕೋಟಿ ದಂಡ.’ ‘ತೆಗದ್ ಒಗೀರಿ ಅವನ್ನ.’ ಇವು ಈ ಕಟ್ಟೆಯ ಮೇಲೆ ಹೇಳಬಹುದಾದಂಥವು. ಉಳಿದವುಗಳಲ್ಲಿ ಆತನ ತಾಯಿಯೂ ಹೆಂಡತಿಯೂ ಬಂದಿದ್ದರು.

ಹನ್ನೊಂದು ಕೋಟಿಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ತಂಡ ಆತನಿಗೆ ಅಷ್ಟು ಕೊಟ್ಟಿದ್ದು ನಿಜ. ಕೊಟ್ಟವರು ಕಂಪನಿಯವರು. ಇಲ್ಲಿ ಕೂತ ಯಾರ ಜೇಬಿನಿಂದಲೂ ನಾಲ್ಕಾಣೆ ಹೋಗಿಲ್ಲ. ಒಂದು ವೇಳೆ ಹೋಗಿತ್ತು ಎಂದೇ ಇಟ್ಟುಕೊಳ್ಳಿ. ಜಾತ್ರೆಯಲ್ಲಿ ಸಾಲ ಮಾಡಿ ಎತ್ತಿನ ಜೋಡಿ ತಂದ ರೈತರು ಇಲ್ಲಿ ಬಹಳ ಮಂದಿ ಇದ್ದೀರಿ. ತಂದ ತಿಂಗಳಿಗೇ ಒಂದು ಎತ್ತು ಕುಂಟಿದರೆ ಏನು ಮಾಡುತ್ತೀರಿ? ನೊಗ ಇಳಿಸುತ್ತೀರಿ. ನೀರು ಕಾಸಿ ಕಾಲಿಗೆ ಹೊಯ್ಯುತ್ತೀರಿ, ಅರಿಶಿನ ಹಚ್ಚುತ್ತೀರಿ, ನಿಮ್ಮ ಊಟಕ್ಕಿಂತ ಮೊದಲು ಅದರ ಮೇವು ನೋಡುತ್ತೀರಿ. ‘ಇಷ್ಟು ಸಾವಿರ ಕೊಟ್ಟೀನಿ, ಕುಂಟಬ್ಯಾಡ’ ಎಂದು ಅದರ ಮುಂದೆ ನಿಂತು ಬೈದವನನ್ನು ಊರು ಹುಚ್ಚ ಎನ್ನುತ್ತದೆ. ದುಡ್ಡು ಕೊಟ್ಟರೆ ಜವಾಬ್ದಾರಿ ಹೆಚ್ಚುತ್ತದೆ ಎಂಬುದು ಒಕ್ಕಲುತನ ನಮಗೆ ಕಲಿಸಿದ ಲೆಕ್ಕ. ಟಿವಿಯ ಮುಂದೆ ಕೂತಾಗ ಮಾತ್ರ ಅದು ತಲೆಕೆಳಗಾಗುತ್ತದೆ.

ಹೊರಗಿನವನು ಎಂಬ ಮಾತೂ ಬರುತ್ತದೆ. ಸಿಂಧನೂರಿನವರ ಬಾಯಲ್ಲಿ ಈ ಮಾತು ಬರಬಾರದಾಗಿತ್ತು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಎಷ್ಟು ಮನೆತನಗಳು ಬಂದು ಕ್ಯಾಂಪು ಕಟ್ಟಿ ಭತ್ತ ಬೆಳೆದವು! ಪೂರ್ವ ಬಂಗಾಳದಲ್ಲಿ ಎಲ್ಲ ಕಳೆದುಕೊಂಡು ಬಂದವರಿಗೆ ಇದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲ ಸಿಕ್ಕಿತು. ಅವರ ಮೊಮ್ಮಕ್ಕಳು ಈಗ ನಮ್ಮ ಮಕ್ಕಳ ಜೊತೆ ಅಚ್ಚ ಸಿಂಧನೂರು ಕನ್ನಡದಲ್ಲಿ ಜಗಳವಾಡುತ್ತಾರೆ.

ಬಸವಣ್ಣನವರ ಕಲ್ಯಾಣವೂ ಹಾಗೆಯೇ ತುಂಬಿದ್ದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ ಬಂದರು ಎನ್ನುತ್ತದೆ ಪರಂಪರೆ. ಮರುಳಶಂಕರದೇವರದು ಇನ್ನೂ ದೂರ, ಅಫ್ಘನ್ ನಾಡು ಎನ್ನುತ್ತಾರೆ. ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದದ ಕುಂಡದ ಬಳಿ ಹನ್ನೆರಡು ವರ್ಷ ಅವರು ಮೌನವಾಗಿದ್ದರಂತೆ. ಸುತ್ತ ಓಡಾಡುವವರ ಕಣ್ಣಿಗೆ ಅವರೊಬ್ಬ ಮರುಳ. ಅಲ್ಲಮಪ್ರಭುಗಳು ಬಂದು ಗುರುತಿಸುವವರೆಗೂ ಅಷ್ಟು ದೊಡ್ಡ ಶರಣರು ಕೂತಿದ್ದು ಯಾರಿಗೂ ತಿಳಿಯಲಿಲ್ಲ ಎನ್ನುತ್ತದೆ ಶೂನ್ಯ ಸಂಪಾದನೆ. ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ದೊಡ್ಡತನವಲ್ಲ, ಬೇರೆಯದು. ಯಾರೂ ಗುರುತಿಸದ ಆ ಹನ್ನೆರಡು ವರ್ಷವೂ ಮಹಾಮನೆಯಲ್ಲಿ ಅವರಿಗೆ ಪ್ರಸಾದ ತಪ್ಪಲಿಲ್ಲ. ‘ನಿನ್ನಿಂದ ನಮಗೇನು ಬಂತು’ ಎಂದು ಬಸವಣ್ಣನವರ ಮನೆ ಲೆಕ್ಕ ಕೇಳಲಿಲ್ಲ.

ಮ್ಯಾಕ್ಸ್‌ವೆಲ್ ಹೇಳಿದ ಎರಡನೆಯ ನೋವು, ಮನಸ್ಸಿನದು, ನಮ್ಮ ಸೀಮೆಯಲ್ಲಿ ನೋವೆಂದೇ ಎಣಿಕೆಗೆ ಬರುವುದಿಲ್ಲ. ಕಾಲು ಮುರಿದರೆ ಪಟ್ಟಿ ಕಾಣುತ್ತದೆ. ಮನಸ್ಸು ದಣಿದರೆ ಏನು ತೋರಿಸಬೇಕು? ‘ಉಂಡದ್ದು ಹೆಚ್ಚಾಗ್ಯಾದ’ ಎನ್ನುತ್ತೇವೆ. 2019ರಲ್ಲೂ ಇದೇ ಕಾರಣಕ್ಕೆ ಆತ ಆಟ ಬಿಟ್ಟು ಕೆಲಕಾಲ ಮನೆಯಲ್ಲಿದ್ದ. ಜಗತ್ತೇ ನೋಡುವ ಜಾಗದಲ್ಲಿ ನಿಂತು ನನಗೆ ಆಗುತ್ತಿಲ್ಲ ಎನ್ನಲು ಸಣ್ಣ ಎದೆ ಸಾಲದು.

ಟಿವಿಯ ಮುಂದೆ ನೀವು ‘ನಾಟಕ’ ಎಂದದ್ದನ್ನು ಮೆಲ್ಬರ್ನಿನ ಮ್ಯಾಕ್ಸ್‌ವೆಲ್ ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಪಕ್ಕದಲ್ಲಿ ಕೂತ ಮಗ ಕೇಳಿಸಿಕೊಳ್ಳುತ್ತಾನೆ. ಪರೀಕ್ಷೆಯ ದಿನಗಳಲ್ಲಿ ಅವನಿಗೆ ನಿದ್ದೆ ಬರದಿದ್ದರೆ, ಬೆಳೆ ಕೈಕೊಟ್ಟ ವರ್ಷ ನಿಮ್ಮ ತಮ್ಮನಿಗೆ ಊಟ ಸೇರದಿದ್ದರೆ, ಅವರು ನಿಮ್ಮ ಹತ್ತಿರ ಬಂದು ಹೇಳುತ್ತಾರೆಯೇ? ಅಷ್ಟು ದೊಡ್ಡ ಆಟಗಾರನಿಗೇ ಈ ಮನೆಯಲ್ಲಿ ಯಾವ ಉತ್ತರ ಸಿಕ್ಕಿತೆಂದು ಅವರಿಗೆ ಗೊತ್ತಿದೆ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲ ಬೆನ್ನು ಹಿಡಿದುಕೊಂಡರೂ ಹೊರುತ್ತಲೇ ಇರುತ್ತಾನಲ್ಲ, ಕೂಲಿಯ ಚಿಂತೆ ಒಂದು ಕಾರಣ, ‘ಸೋಗು ಹಾಕ್ತಾನ’ ಎಂಬ ಮಾತಿನ ಅಂಜಿಕೆ ಇನ್ನೊಂದು.

ನಮ್ಮ ತಂಡಕ್ಕೆ ಆಡಿದ ಡ್ಯಾನ್ ಕ್ರಿಶ್ಚಿಯನ್ ಎಂಬವನ ಕತೆಯೂ ಇಂಥದೇ. 2021ರ ಅಕ್ಟೋಬರ್ 11, ಶಾರ್ಜಾ. ಆತನ ಒಂದೇ ಓವರಿನಲ್ಲಿ ಕೋಲ್ಕತ್ತದ ಸುನಿಲ್ ನರೈನ್ ಮೂರು ಸಿಕ್ಸರ್ ಹೊಡೆದ, ನಮ್ಮ ತಂಡ ಸೋತು ಹೊರಬಿತ್ತು. ಅವತ್ತು ರಾತ್ರಿ ಬೈಗುಳದ ಮಳೆ ಸುರಿದದ್ದು ಆತನ ಬಾಳಸಂಗಾತಿಯ ಮೇಲೆ. ಆಟ ಚೆನ್ನಾಗಿ ಆಡಲಿಲ್ಲ, ಒಪ್ಪಿದೆ, ಅವಳನ್ನು ಬಿಟ್ಟುಬಿಡಿ ಎಂದು ಆತ ಕೈಮುಗಿಯಬೇಕಾಯಿತು. ಆಗ ಅವರ ಪರವಾಗಿ ಗಟ್ಟಿಯಾಗಿ ಮಾತಾಡಿದವರಲ್ಲಿ ಇದೇ ಮ್ಯಾಕ್ಸ್‌ವೆಲ್ ಇದ್ದ.

ಪರದೇಶದಿಂದ ಕರೆಸಿದ ಆಟಗಾರನ ಪಾಡು ಎಲ್ಲೆಡೆ ಹೀಗೆಯೇ. ಜಪಾನಿನಲ್ಲಿ ಬೇಸ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿದ್ದಂತೆ. ಅಲ್ಲಿನ ಹನ್‌ಷಿನ್ ತಂಡವನ್ನು 1985ರಲ್ಲಿ ಗೆಲ್ಲಿಸಿದ ಅಮೆರಿಕದ ರ‍್ಯಾಂಡಿ ಬಾಸ್‌ನನ್ನು ಜನ ದೇವರಂತೆ ಕಂಡರು. 1988ರಲ್ಲಿ ಆತನ ಮಗನ ಮೆದುಳಿನಲ್ಲಿ ಗಡ್ಡೆ ಕಾಣಿಸಿತು. ಮಗನ ಬಳಿ ಊರಿಗೆ ಹೋದವನನ್ನು ತಂಡ ಕೈಬಿಟ್ಟಿತು. ಅಲ್ಲಿನ ಬೇಸ್‌ಬಾಲ್ ದಿಗ್ಗಜರ ಸಾಲಿಗೆ ಆತನ ಹೆಸರು ಸೇರಲು 2023ರವರೆಗೆ ಕಾಯಬೇಕಾಯಿತು.

ಹಾಗಾದರೆ ಟೀಕಿಸಲೇಬಾರದೇ ಎಂದು ಹುಡುಗರು ಕೇಳುತ್ತೀರಿ. ಟೀಕಿಸಿ. ಆ ಶಾಟ್ ಹೊಡೆಯಬಾರದಿತ್ತು ಎನ್ನಿ, ಆ ಓವರು ಅವನಿಗೆ ಕೊಡಬಾರದಿತ್ತು ಎನ್ನಿ, ಬೇರೆಯವನನ್ನು ಆಡಿಸಿ ಎನ್ನಿ. ಅದು ಆಟದ ಮಾತು. ಹಳಿಯುವುದು ಬೇರೆ, ಅದು ಬೇಡ ಎಂದು ನಮ್ಮ ಸೀಮೆಯ ಕಲ್ಲಿನಲ್ಲೇ ಕೆತ್ತಿದೆ. ನಮ್ಮ ಮಸ್ಕಿಯ ಬಂಡೆಯ ಶಾಸನ 1915ರಲ್ಲಿ ಸಿಕ್ಕಿದ ಮೇಲೆಯೇ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬಾತ ಅಶೋಕನೇ ಎಂಬುದು ಖಚಿತವಾಯಿತು. ಅದೇ ಅಶೋಕನ ಹನ್ನೆರಡನೆಯ ಬಂಡೆ ಶಾಸನದ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿದೆ. ಮಾತಿನಲ್ಲಿ ಹಿಡಿತವಿರಲಿ, ತನ್ನ ಪಂಥವನ್ನು ಮೆರೆಸಲು ಇನ್ನೊಬ್ಬರದನ್ನು ಹಳಿಯುವುದು ಬೇಡ ಎಂಬುದು ಅದರ ತಿರುಳು. ಮತಪಂಥಗಳಿಗಾಗಿ ಕೆತ್ತಿಸಿದ್ದು ಹೌದು, ಆದರೆ ಬೆಂಗಳೂರು–ಚೆನ್ನೈ ಪಂದ್ಯದ ರಾತ್ರಿ ಓದಿಕೊಂಡರೂ ತಪ್ಪಿಲ್ಲ.

ನಮ್ಮ ತಂಡದ ಬೌಲರ್ ಜೋಶ್ ಹೇಜಲ್‌ವುಡ್‌ನ ಹೆಸರು ಹೇಳಿ ನನಗೆ ಉತ್ತರ ಕೊಡುವವರೂ ಇದ್ದಾರೆ. 2025ರಲ್ಲಿ ಭುಜದ ನೋವಿನಿಂದ ಆತ ಕೂತಾಗ ಮತ್ತೆ ಬರುವುದಿಲ್ಲ ಎಂದವರೇ ಹೆಚ್ಚು. ಮೇ 29ರಂದು ಬಂದ, 21 ರನ್ನಿಗೆ ಮೂರು ವಿಕೆಟ್ ಕಿತ್ತ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ, ಹದಿನೆಂಟನೆಯ ಸಲಕ್ಕೆ ಕಪ್ ನಮ್ಮದಾಯಿತು. ‘ನೋಡ್ರೀ ಅಜ್ಜಾರ, ತಾಳಿದ್ದಕ್ಕ ಫಲ ಸಿಕ್ತು’ ಎನ್ನುತ್ತಾರೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಕಪ್ ಸಿಕ್ಕಿದ್ದಕ್ಕೆ ಕರುಣೆ ಸರಿಯಾಯಿತು ಎಂದರೆ, ಕಪ್ ಕೊಡದವನ ಗತಿಯೇನು? ಮ್ಯಾಕ್ಸ್‌ವೆಲ್ 2024ರಲ್ಲಿ ವಿಶ್ರಾಂತಿ ಪಡೆದು ಮರಳಿದ, ಆದರೂ ಬ್ಯಾಟು ಮಾತಾಡಲಿಲ್ಲ. ಆ ಸಲ ಹತ್ತು ಪಂದ್ಯಗಳಿಂದ 52 ರನ್, ಎಲಿಮಿನೇಟರ್‌ನಲ್ಲಿ ಮೊದಲ ಎಸೆತಕ್ಕೇ ಔಟು. ತಂಡ ಬಿಟ್ಟುಕೊಟ್ಟಿತು. ಮುಂದಿನ ವರ್ಷ ಪಂಜಾಬ್ ಸೇರಿ, ಬೆರಳು ಮುರಿದು ಅರ್ಧದಲ್ಲೇ ಹೊರಬಿದ್ದ. ನಾವು ಕಪ್ ಎತ್ತಿದ ಹಿಂದಿನ ದಿನ, ಜೂನ್ 2ರಂದು, ಮೈ ಇನ್ನು ತಡೆಯುತ್ತಿಲ್ಲ ಎಂದು ಏಕದಿನ ಕ್ರಿಕೆಟ್ಟಿಗೆ ವಿದಾಯ ಹೇಳಿದ. ಗುಣವಾಗಿ ಗೆಲ್ಲಿಸಿದ ಹೇಜಲ್‌ವುಡ್‌ನನ್ನು ಹೊಗಳಲು ಧರ್ಮ ಬೇಕಿಲ್ಲ, ಸಂತೋಷ ಸಾಕು. ಗುಣವಾಗಿಯೂ ಗೆಲ್ಲಿಸಲಾಗದವನ ಬಗ್ಗೆ ಬಾಯಿ ತೆರೆಯುವಾಗ ನಾವು ಬಸವಣ್ಣನವರ ಮನೆಯವರೋ ಅಲ್ಲವೋ ತಿಳಿಯುತ್ತದೆ.

ಇನ್ನು ಕೆಲಸದ ಮಾತು. ಮುಂದಿನ ಸೀಸನ್ನಿಗೆ ದೊಡ್ಡ ಪರದೆ ಕಟ್ಟುವ ಹುಡುಗರು ರೈಸ್ ಮಿಲ್ಲುಗಳಲ್ಲಿ ದುಡಿಯುವ ಪರರಾಜ್ಯದ ಹುಡುಗರನ್ನೂ ಕರೆಯಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು. ಅದು ದೂರದ ಮಾತಾಯಿತು. ಈ ಸೋಮವಾರದಿಂದಲೇ, ಪೆಟ್ಟಾಗಿಯೋ ಮೈ ಸೋತೋ ಕೆಲಸ ಬಿಟ್ಟು ಮನೆಯಲ್ಲಿರುವ ಹಮಾಲರ, ಕೂಲಿಯವರ ಮನೆಗಳಿಗೆ ದಾಸೋಹದ ಅಕ್ಕಿ ಹೋಗಲಿ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಪ್ರಸಾದಕ್ಕೆ ಹೋಗುವ ಮುಂಚೆ ಉಗ್ರಾಣದವರಿಗೆ ತಿಳಿಸಿ. ಹೊತ್ತುಕೊಂಡು ಹೋಗುವ ಕೆಲಸ ಕೆಂಪು ಜೆರ್ಸಿಯವರದು. ನಿಜಕ್ಕೂ ನೋವಿದೆಯೋ ಇಲ್ಲವೋ ಎಂದು ಆ ಮನೆಗಳಲ್ಲಿ ವಿಚಾರಣೆ ಬೇಡ. ಚೀಲ ಇಳಿಸಿ, ಕುಡಿಯಲು ನೀರು ಕೊಟ್ಟರೆ ಕುಡಿದು ಬನ್ನಿ.